ಹಲ್ಲು ಕಟ್ಟುತ್ತಿದ್ದ ನಮ್ಮ ಭಾವ

ನಮ್ಮ ಅಕ್ಕನ ಗಂಡ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ನಾನೂ ಅಲ್ಲೇ, ಅವರ ಪಕ್ಕದ ಮೇಜಿನಲ್ಲಿ, ಪಾಲಿಶ್ ಮಾಡುವವಳಾಗಿ ಹದಿನಾರು ವರ್ಷ ಇದ್ದೆ. ಹಾಗಾಗಿ ಈಗ ಯಾರಾದರೂ ಮನೆಗೆ ಬಂದು ಅವರ ಬಗ್ಗೆ ವಿಚಾರಿಸಿದರೆ ಅಕ್ಕ ನನ್ನ ಕಡೆ ಕೈ ತೋರಿಸಿಬಿಡುತ್ತಾಳೆ. "ನಾನು ಮನೇಲಿ ನೋಡಿದ್ದು ಅರ್ಧ ಮನುಷ್ಯನ್ನ. ಇನ್ನರ್ಧ ಇವಳ ಕಣ್ಮುಂದೆ ಇತ್ತು" ಎನ್ನುತ್ತಾಳೆ.

ಲ್ಯಾಬ್ ಇದ್ದದ್ದು ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಅರವತ್ತೆಂಟು ಮೆಟ್ಟಿಲು ಹತ್ತಬೇಕು. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮಗೆ ಕಳಿಸುತ್ತಿದ್ದರು. ನಾವು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಮಾದರಿ ಮಾಡಿ, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ಟು ತಯಾರಿಸಿ ವಾಪಸು ಕಳಿಸಬೇಕು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಬಿಳಿ ದವಡೆಗಳು. ಹೊಸದಾಗಿ ಬಂದವರಿಗೆ ನೂರಾರು ಜನ ಬಾಯಿ ತೆರೆದುಕೊಂಡು ತಮ್ಮನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

ಭಾವನಿಗೆ ಹಾಗೆ ಅನಿಸುತ್ತಿರಲಿಲ್ಲ. ಅವರೆಲ್ಲ ಅವರಿಗೆ ಪರಿಚಯದವರೇ. ಒಂದು ದವಡೆ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಹಲ್ಲು ಸವೆದ ಜಾಗ ಬೆರಳಲ್ಲಿ ಸವರಿ, "ಈಯಮ್ಮ ಬಲಗಡೆ ಮಾತ್ರ ಅಗೀತಾರೆ. ಎಡಗಡೆ ಗಂಡ ಕೂತ್ಕೋತಾನೆ ಅಂತ ಕಾಣತ್ತೆ" ಎನ್ನುತ್ತಿದ್ದರು. ಇನ್ನೊಂದನ್ನು ನೋಡಿ, "ಇವರು ನಿದ್ದೇಲಿ ಹಲ್ಲು ಕಡೀತಾರೆ. ಹಗಲು ಹೊತ್ತು ಬಹಳ ಮರ್ಯಾದಸ್ಥರು." ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರು ಮಾತ್ರ ಮುಖದ ಒಂದು ಗೆರೆಯೂ ಅಲುಗಿಸದೆ ಮೇಣ ಕಾಯಿಸುತ್ತಿದ್ದರು. ಅವರು ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಹೇಳುತ್ತಿದ್ದಾರೋ ತಿಳಿಯುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಎದುರಿಗೆ ಕೂತವರ ಬಾಯಿಯನ್ನೇ ದಿಟ್ಟಿಸಿ ನೋಡುವುದು, ಆಮೇಲೆ ಮೆಲ್ಲಗೆ ಬಗ್ಗಿ "ನಿಮ್ಮದನ್ನ ಯಾರು ಕಟ್ಟಿದ್ದು?" ಎಂದು ಕೇಳುವುದು ಅವರ ಅಭ್ಯಾಸ. ಒಮ್ಮೆ ಒಬ್ಬರು ಛತ್ರಿ ಎತ್ತಿಕೊಂಡು ಹೊಡೆಯಲು ಬಂದರು. ಅಕ್ಕ ಅವತ್ತಿನಿಂದ ಬಸ್ಸಿನಲ್ಲಿ ಬೇರೆ ಸೀಟಿನಲ್ಲೇ ಕೂರುವುದು.

ಇಂಥ ಮನುಷ್ಯ ವೇದಿಕೆ ಹತ್ತಿದ್ದು ಆಕಸ್ಮಿಕ. ದಂತವೈದ್ಯರ ಸಂಘದ ವಾರ್ಷಿಕ ಸಭೆ. ನಮ್ಮ ಲ್ಯಾಬಿನವರು ಹೊರಗೆ ಒಂದು ಮೇಜಿನ ಮೇಲೆ ಮಾದರಿಗಳನ್ನಿಟ್ಟುಕೊಂಡು ನಿಂತಿದ್ದೆವು. ಮುಖ್ಯ ಅತಿಥಿ ಎಷ್ಟು ಹೊತ್ತಾದರೂ ಬರಲಿಲ್ಲ. ಜನ ಎದ್ದು ಹೋಗಲು ಶುರು ಮಾಡಿದರು. ನಮ್ಮ ಯಜಮಾನರು, ಅಂದರೆ ಲ್ಯಾಬಿನ ಮಾಲೀಕರು, ಗಾಬರಿಯಲ್ಲಿ ಭಾವನ ಬೆನ್ನಿಗೆ ಕೈ ಹಾಕಿ ತಳ್ಳಿದರು. "ಹೋಗಯ್ಯ, ಲ್ಯಾಬಿನ ಬಗ್ಗೆ ಹತ್ತು ನಿಮಿಷ ಏನಾದ್ರೂ ಹೇಳು."

ಭಾವ ಮೇಜಿನ ಮೇಲಿದ್ದ ಒಂದು ಜೊತೆ ದವಡೆ ಎತ್ತಿಕೊಂಡು ಮೇಲೆ ಹೋದರು. ಲ್ಯಾಬಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ಬಲಗೈಯಲ್ಲಿ ಮೇಲಿನ ದವಡೆ, ಎಡಗೈಯಲ್ಲಿ ಕೆಳಗಿನದು. ಎರಡೂ ಮಾತಾಡತೊಡಗಿದವು.

"ನಲವತ್ತು ವರ್ಷ ಆಯ್ತು. ಊಟಕ್ಕೆ ಬಿಟ್ರೆ ನೀನು ನನ್ನ ಹತ್ರ ಬರೋದೇ ಇಲ್ಲ."

"ಮಾತಾಡೋವಾಗ್ಲೂ ಬರ್ತೀನಲ್ಲ."

"ಅದು ಬೇರೆಯವರ ಜೊತೆ ಮಾತಾಡೋಕೆ."

"ಮಲಗೋದು ಒಂದೇ ಲೋಟದಲ್ಲಿ ತಾನೇ?"

"ಮಲಗೋದು ಹೌದು. ಬೆನ್ನು ತಿರುಗಿಸ್ಕೊಂಡು."

ಎದ್ದು ಹೊರಟವರು ಬಾಗಿಲಲ್ಲೇ ನಿಂತರು. ಹತ್ತು ನಿಮಿಷ ಹೋಗಿ ಅರ್ಧ ಗಂಟೆಯಾಯಿತು. ಮುಂದಿನ ಸಾಲಿನಲ್ಲಿ ಸಂಘದ ಹಿಂದಿನ ಅಧ್ಯಕ್ಷರಿದ್ದರು, ಎಂಬತ್ತು ದಾಟಿದವರು. ಅವರು ನಕ್ಕು ನಕ್ಕು ಕೊನೆಗೆ ಅವರ ಬಾಯಿಂದ ಸೆಟ್ಟು ಹಾರಿ ವೇದಿಕೆಯ ಬುಡಕ್ಕೆ ಬಿತ್ತು. ಸಭೆ ಗಪ್ ಎಂದಿತು. ಭಾವ ಮೆಟ್ಟಿಲಿಳಿದು ಬಂದು ಅದನ್ನೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಬಹಳ ಗಂಭೀರವಾಗಿ ಹೇಳಿದರು: "ಇದು ನಮ್ಮ ಲ್ಯಾಬಿಂದಲ್ಲ."

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹದಿನಾರು ವರ್ಷ ಬಾಯಿಗಳ ನಡುವೆ ಬದುಕಿದವಳು ನಾನು. ಇನ್ನೂರು ಬಾಯಿ ಒಟ್ಟಿಗೆ ತೆರೆದದ್ದನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಪುಸ್ತಕದಂಗಡಿಯೊಂದರ ಮೇಲಿದ್ದ ಸಣ್ಣ ಸಭಾಂಗಣದಲ್ಲಿ ಪ್ರತಿ ಶನಿವಾರ ಸಂಜೆ ಅವರ ಕಾರ್ಯಕ್ರಮ ಶುರುವಾಯಿತು. ಒಬ್ಬರೇ ನಿಂತು ಒಂದು ಗಂಟೆ ಮಾತಾಡುವುದು. ನೂರೆಪ್ಪತ್ತು ಕುರ್ಚಿಯ ಜಾಗ. ಆರು ಗಂಟೆಗೆ ಕಾರ್ಯಕ್ರಮವಾದರೆ ಅವರು ಮೂರಕ್ಕೇ ಹೋಗಿ ನೂರೆಪ್ಪತ್ತು ಕುರ್ಚಿಗಳಲ್ಲೂ ಒಂದೊಂದು ನಿಮಿಷ ಕೂತು ಖಾಲಿ ವೇದಿಕೆಯನ್ನು ನೋಡುತ್ತಿದ್ದರು. ಕಾವಲುಗಾರ ಇವರಿಗೆ ತಲೆ ಸರಿಯಿಲ್ಲ ಎಂದುಕೊಂಡಿದ್ದ. ನಾನು ಕೇಳಿದೆ, "ಇದ್ಯಾಕೆ ಭಾವ?"

"ಒಂದೊಂದು ಕುರ್ಚಿಯಿಂದ ನಾನು ಒಂದೊಂದು ಥರ ಕಾಣ್ತೀನಿ. ಆ ಮೂಲೇಲಿ ಕೂತೋರಿಗೆ ನನ್ನ ಎಡಗಿವಿ ಮಾತ್ರ ಕಾಣತ್ತೆ. ಅವರಿಗೋಸ್ಕರ ಕಿವೀಲೂ ಏನಾದ್ರೂ ಮಾಡ್ಬೇಕಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಅವತ್ತು ಸಂಜೆ ನಾನು ಬೇಕೆಂದೇ ಆ ಮೂಲೆಯಲ್ಲಿ ಕೂತೆ. ನಿಜವಾಗಿ ಅವರ ಕಿವಿ ಕುಣಿಯುತ್ತಿತ್ತು.

ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ ಮಾತು ನಿಲ್ಲಿಸಿಬಿಡುತ್ತಿದ್ದರು. "ಕೈ ತೆಗೀರಿ ಅಮ್ಮ. ನಾನು ಇಪ್ಪತ್ತು ವರ್ಷ ಅಲ್ಲೇ ಕೆಲ್ಸ ಮಾಡಿದೀನಿ, ನನ್ನ ಹತ್ರ ಏನು ಸಂಕೋಚ?" ಎಂದು ಕಾಯುತ್ತಿದ್ದರು. ಕೈ ಇಳಿಯುವವರೆಗೆ ಮುಂದಿನ ಮಾತಿಲ್ಲ.

ಸೋತದ್ದೂ ಉಂಟು. ಒಂದು ದೊಡ್ಡ ಕಂಪನಿಯವರು ತಮ್ಮ ನೌಕರರನ್ನು ನಗಿಸಿ ಎಂದು ಕರೆದಿದ್ದರು. ನಲವತ್ತು ನಿಮಿಷವಾದರೂ ಒಬ್ಬರೂ ಹಲ್ಲು ಬಿಡಲಿಲ್ಲ. ಎಲ್ಲರ ಕಣ್ಣೂ ಮುಂದೆ ಕೂತ ದೊಡ್ಡ ಸಾಹೇಬರ ಮೇಲೆ. ಸಾಹೇಬರು ಕಲ್ಲಿನಂತೆ ಕೂತಿದ್ದರು. ಭಾವ ಮೈಕನ್ನು ಕೆಳಗಿಟ್ಟು, ಇಳಿದು ಬಂದು, ಸಾಹೇಬರ ಪಕ್ಕದ ಕುರ್ಚಿ ಎಳೆದುಕೊಂಡು, ಉಳಿದ ಇಪ್ಪತ್ತು ನಿಮಿಷದ ಮಾತನ್ನೆಲ್ಲ ಅವರ ಕಿವಿಯಲ್ಲಿ ಪಿಸುಗುಟ್ಟಿದರು. ಎರಡು ನಿಮಿಷಕ್ಕೆ ಸಾಹೇಬರ ಹೊಟ್ಟೆ ಅಲುಗಿತು. ಮೂರನೆಯ ನಿಮಿಷಕ್ಕೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಒಂದೇ ಒಂದು ಮಾತೂ ಅವರಿಗೆ ಕೇಳಿಸಿರಲಿಲ್ಲ.

"ನಾನು ಅವರನ್ನ ನಗಿಸ್ಲಿಲ್ಲ ಕಣೆ, ಅಪ್ಪಣೆ ಕೊಡಿಸಿದೆ ಅಷ್ಟೆ" ಎಂದರು ವಾಪಸು ಬರುವಾಗ. ಬಹಳ ಬೇಜಾರಾಗಿತ್ತು ಅವರಿಗೆ. ಮತ್ತೆಂದೂ ಅಂಥ ಕಡೆ ಹೋಗಲಿಲ್ಲ.

ಸಿನಿಮಾದವರು ಬಂದದ್ದು ಆ ಹೊತ್ತಿಗೆ. ಅವರಿಗೆ ಬೇಕಾಗಿದ್ದದ್ದು ಬೀಳುವವನು. ಏಣಿಯಿಂದ, ಮಂಚದಿಂದ, ಚಲಿಸುವ ಬಸ್ಸಿನಿಂದ. ಎಂಟು ಚಿತ್ರಗಳಲ್ಲಿ ಭಾವ ಹದಿನೇಳು ಸಲ ಬಿದ್ದರು. ಅಕ್ಕ ಚಿತ್ರಮಂದಿರದಲ್ಲಿ ಕೂತು, "ಮನೇಲಿ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿ ಅಂದ್ರೆ ಕಾಲು ನಡುಗತ್ತೆ ಅಂತಾರೆ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಚಿತ್ರೀಕರಣವಿಲ್ಲದ ದಿನ ಭಾವ ಎಂದಿನಂತೆ ಲ್ಯಾಬಿಗೆ ಬಂದು ಮೇಜಿಗೆ ಕೂರುತ್ತಿದ್ದರು.

ಒಂಬತ್ತನೆಯ ಚಿತ್ರದ ನಿರ್ದೇಶಕರು ಕೊಟ್ಟದ್ದು ಬೇರೆಯೇ ಪಾತ್ರ. ಮಗನ ಶವ ಗುರುತಿಸಲು ಬರುವ ಅಪ್ಪ. ಒಂದೇ ದೃಶ್ಯ, ಒಂದೇ ಮಾತು. ಅದಕ್ಕೆ ಇವರೇ ಏಕೆ ಎಂದು ಎಲ್ಲರೂ ಕೇಳಿದರಂತೆ. ಭಾವ ಯಾರನ್ನೂ ಏನೂ ಕೇಳಲಿಲ್ಲ. ಲ್ಯಾಬಿಗೆ ಬಂದು ತಮ್ಮದೇ ಬಾಯಿಯ ಅಚ್ಚು ತೆಗೆಸಿಕೊಂಡರು. ಮೂರು ದಿನ ಕೂತು, ತಮ್ಮ ಹಲ್ಲಿನ ಮೇಲೆ ಕೂರುವಂಥ, ಉಗುರಿನಷ್ಟು ತೆಳುವಾದ ಒಂದು ಹೊದಿಕೆ ಮಾಡಿದರು. ಎಡಗಡೆಯ ಹಲ್ಲುಗಳು ಸವೆದು, ಬಾಯಿ ಮುಚ್ಚಿದಾಗ ದವಡೆ ಒಂದು ಕೂದಲಿನಷ್ಟು ಓರೆಯಾಗಿ ನಿಲ್ಲುವ ಹಾಗೆ. ಪಾಲಿಶ್‌ಗೆ ನನ್ನ ಕೈಗೆ ಕೊಟ್ಟು, "ಮುಂದಿನೆರಡು ಹಲ್ಲಿಗೆ ಹೊಳಪು ಬೇಡ. ಈ ಮನುಷ್ಯ ನಕ್ಕು ಬಹಳ ವರ್ಷ ಆಗಿದೆ" ಎಂದರು.

ಅದನ್ನು ಹಾಕಿಕೊಂಡು ನನ್ನ ಕಡೆ ತಿರುಗಿದಾಗ ನಾನು ಎದ್ದು ನಿಂತುಬಿಟ್ಟೆ. ಅಲ್ಲಿ ನಮ್ಮ ಭಾವ ಇರಲಿಲ್ಲ. ಯಾರೋ ಬಡಪಾಯಿ, ಜೀವನವಿಡೀ ಒಂದೇ ಕಡೆ ಅಗಿದು, ಅರ್ಧ ಮಾತು ನುಂಗಿಕೊಂಡು ಬದುಕಿದವನು, ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ.

ಚಿತ್ರೀಕರಣಕ್ಕೆ ನಾನೂ ಹೋಗಿದ್ದೆ. ಶವಾಗಾರದ ಗುಮಾಸ್ತನ ಪಾತ್ರದವನು ಬಟ್ಟೆ ಸರಿಸಿ, "ಇವರು ನಿಮ್ಮವರಾ?" ಎಂದು ಕೇಳಬೇಕು. ಕೇಳಿದ. ಭಾವ ನೋಡಿದರು. "ಹೌದು" ಎಂದರು. ಎಂದ ಮೇಲೆ ಬಾಯಿ ಮುಚ್ಚಲು ಹೋದರು, ಮುಚ್ಚಲಿಲ್ಲ. ಮತ್ತೆ ಪ್ರಯತ್ನಿಸಿದರು. ಹಲ್ಲಿಗೆ ಹಲ್ಲು ಕೂಡುತ್ತಲೇ ಇಲ್ಲ. ಅಷ್ಟೇ. ಗುಮಾಸ್ತನ ಪಾತ್ರದವನು ತನ್ನ ಮುಂದಿನ ಮಾತು ಮರೆತು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತ. ನಿರ್ದೇಶಕರು "ಕಟ್" ಎನ್ನಲು ಬಹಳ ಹೊತ್ತು ಹಿಡಿಯಿತು. ಆ ಹೊದಿಕೆಗೆ ಹೊಳಪು ಕೊಟ್ಟವಳು ನಾನು, ಅದರ ಒಳಹೊರಗು ನನಗೆ ಗೊತ್ತು. ಆದರೂ ಆ ಬಾಯಿ ಮುಚ್ಚುವುದನ್ನೇ ಕಾಯುತ್ತ ನಿಂತಿದ್ದೆ.

ಆ ಚಿತ್ರದ ನಂತರ ಜನ ಅವರನ್ನು ಬೇರೆ ರೀತಿ ನೋಡತೊಡಗಿದರು. ಅವರು ನೋಡಿದ್ದು ಮಾತ್ರ ಇನ್ನೊಬ್ಬರನ್ನು.

ಒಂದು ಬೆಳಿಗ್ಗೆ ಲ್ಯಾಬಿಗೆ ಬರುವಾಗ ಭಾವ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಹದಿನೇಳು ಸಲ ಕ್ಯಾಮೆರಾ ಮುಂದೆ ಬಿದ್ದವರು ನಿಜಕ್ಕೂ ಬಿದ್ದದ್ದು ಅದೇ ಮೊದಲು. ಮೆಟ್ಟಿಲು ಒರೆಸುತ್ತಿದ್ದ ಅಜ್ಜಿ ಬಕೆಟ್ ಬಿಟ್ಟು ಓಡಿ ಬಂದು, ಮುಖಕ್ಕೆ ಮುಖ ತಂದು, "ಪೆಟ್ಟಾಯ್ತಾ ಮಗ?" ಎಂದು ಕೇಳಿದರು. ಕಟ್ಟಡದವರೆಲ್ಲ ಅವರನ್ನು ಮೆಟ್ಟಿಲಜ್ಜಿ ಎನ್ನುತ್ತಿದ್ದರು. ಎಪ್ಪತ್ತರ ಆಸುಪಾಸು. ಬಾಯಲ್ಲಿ ಒಂದೇ ಒಂದು ಹಲ್ಲೂ ಇಲ್ಲ.

ಭಾವ ಮೇಲೆ ಬಂದು ಮೇಜಿನ ಮುಂದೆ ಕೂತರು. "ಬಸ್ಸಲ್ಲಿ ಹೋಗೋರ ಬಾಯೆಲ್ಲ ಬಗ್ಗಿ ಬಗ್ಗಿ ನೋಡಿದೆ ಕಣೆ. ದಿನಾ ನಮಗೆ ದಾರಿ ಬಿಡೋರ ಬಾಯಿ ನೋಡ್ಲಿಲ್ಲ."

ನಾನೂ ನೋಡಿರಲಿಲ್ಲ.

ಲ್ಯಾಬಿನ ಕೆಳಗಿನ ಮಹಡಿಯಲ್ಲಿದ್ದ ದಂತವೈದ್ಯರ ಹತ್ತಿರ ಅಜ್ಜಿಯನ್ನು ಕರೆದುಕೊಂಡು ಹೋಗಿ ಅಚ್ಚು ತೆಗೆಸಿದರು. ಮೂರು ವಾರ ಕೆಲಸ ಮಾಡಿದರು. ಅವರ ಕೈಯಿಂದ ಅಂಥ ಸೆಟ್ಟು ಮತ್ತೊಂದು ಬಂದಿಲ್ಲ. ಒಂದು ಹಲ್ಲನ್ನು ಬೇಕೆಂದೇ ಕೊಂಚ ವಾರೆಯಾಗಿ ಕೂರಿಸಿದ್ದರು, ಹುಟ್ಟಿದ ಹಲ್ಲಿನ ಹಾಗೇ ಕಾಣಲಿ ಎಂದು. ಅಜ್ಜಿ ಹಾಕಿಕೊಂಡು ಕನ್ನಡಿ ನೋಡಿದರು. ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಆಮೇಲೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಭಾವನ ಅಂಗೈಯಲ್ಲಿಟ್ಟರು.

"ಚೆನ್ನಾಗಿದೆಯಪ್ಪ. ಆದ್ರೆ ಇದು ಬೇರೆ ಯಾರೋ. ಈ ಮುಖ ಇಟ್ಕೊಂಡು ಮನೆಗೆ ಹೋದ್ರೆ ನನ್ನ ಸೊಸೆ ಬಾಗ್ಲು ತೆಗಿಯಲ್ಲ."

ಎರಡು ದಿನ ಭಾವ ಆ ಸೆಟ್ಟನ್ನು ಎದುರಿಗಿಟ್ಟುಕೊಂಡು ಕೂತರು. ಮೂರನೆಯ ದಿನ ಊಟದ ಹೊತ್ತಿಗೆ ಅಕ್ಕನಿಗೂ ನನಗೂ ಹೇಳಿದರು: "ನಾನೊಂದು ಸಿನಿಮಾ ಮಾಡ್ತೀನಿ. ಅಜ್ಜೀನೇ ನಾಯಕಿ." ಅಕ್ಕ ತಟ್ಟೆಯಿಂದ ತಲೆಯೆತ್ತದೆ, "ಅಜ್ಜೀನ ಕೇಳಿದ್ರಾ?" ಎಂದಳು. ಕೇಳಿರಲಿಲ್ಲ. ಕೇಳಿದಾಗ ಅಜ್ಜಿ ಹಾಕಿದ ಷರತ್ತು ಒಂದೇ: ಮೆಟ್ಟಿಲು ಒರೆಸುವ ಹೊತ್ತು ತಪ್ಪಬಾರದು.

ಯಜಮಾನರು ಲ್ಯಾಬನ್ನು ಇಪ್ಪತ್ತು ದಿನ ಬಿಟ್ಟುಕೊಟ್ಟರು. ಪ್ರತಿ ಶಾಟಿನಲ್ಲಿ ಯಾವ ವಸ್ತು ಎಲ್ಲಿತ್ತು, ಯಾರು ಯಾವ ಕೈಯಲ್ಲಿ ಏನು ಹಿಡಿದಿದ್ದರು ಎಂದು ಬರೆದಿಡುವ ಕೆಲಸ ನನಗೆ ಬಂತು. ನನಗೆ ಬರುವುದಿಲ್ಲ ಎಂದೆ. "ಯಾವ ಹಲ್ಲು ಯಾರ ಬಾಯಿಗೆ ಅಂತ ಹದಿನಾರು ವರ್ಷ ನೆನಪಿಟ್ಟೋಳಿಗೆ ಯಾವ ಬಕೆಟ್ಟು ಯಾವ ಮೆಟ್ಟಿಲ ಮೇಲೆ ಅಂತ ನೆನಪಿರಲ್ವಾ?" ಎಂದರು ಭಾವ.

ಮೊದಲ ದಿನ ಒಂದು ಶಾಟ್ ಕೂಡ ತೆಗೆಯಲಿಲ್ಲ. ಕ್ಯಾಮೆರಾದವರು, ಲೈಟಿನವರು ಎಲ್ಲ ಕೈಕಟ್ಟಿ ನಿಂತಿದ್ದರು. ಭಾವ ಪ್ಯಾಂಟು ಮಡಚಿ, ಮಂಡಿಯೂರಿ, ಅರವತ್ತೆಂಟು ಮೆಟ್ಟಿಲನ್ನೂ ಮೇಲಿನಿಂದ ಕೆಳಗಿನವರೆಗೆ ಒರೆಸಿದರು. ಅಜ್ಜಿ ಹಿಂದಿನಿಂದ ಪರೀಕ್ಷೆ ಮಾಡುತ್ತ ಬಂದು, ನಾಲ್ಕನೆಯ ಮೆಟ್ಟಿಲಿಗೆ ಬೆರಳಿಟ್ಟು, "ಇದು ಇನ್ನೊಂದ್ಸಲ" ಎಂದರು. ಮತ್ತೆ ಒರೆಸಿದರು. ಸಂಜೆ ಅವರಿಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಗೋಡೆ ಹಿಡಿದುಕೊಂಡು ಕ್ಯಾಮೆರಾದವನಿಗೆ ಹೇಳಿದರು: "ಕ್ಯಾಮೆರಾ ಇಷ್ಟೆತ್ತರ ಬೇಡ. ಅಜ್ಜಿಗೆ ಜನ ಕಾಣೋದು ಮಂಡಿವರೆಗೆ ಮಾತ್ರ." ಆ ಚಿತ್ರದ ಮೊದಲ ಇಪ್ಪತ್ತು ನಿಮಿಷ ಒಬ್ಬರ ಮುಖವೂ ಕಾಣುವುದಿಲ್ಲ, ಬರೀ ಪಾದಗಳು. ಜನ ಅದನ್ನು ದೊಡ್ಡ ಕಲೆ ಎಂದು ಹೊಗಳುತ್ತಾರೆ. ಅದು ಬಂದದ್ದು ಭಾವನ ಸೊಂಟದಿಂದ.

ಅವರು ಎಂದೂ "ಆ್ಯಕ್ಷನ್" ಎನ್ನಲಿಲ್ಲ. ಶುರುವಿಗೆ "ನೋಡೋಣ" ಎನ್ನುತ್ತಿದ್ದರು, ಮುಗಿದಾಗ "ಸಾಕಮ್ಮ". ಅಜ್ಜಿ ಅಂಜಲಿಲ್ಲ, ನಟಿಸಲೂ ಇಲ್ಲ. ಎಲ್ಲ ಸಲೀಸಾಗಿ ಸಾಗಿತು, ಒಂದನ್ನು ಬಿಟ್ಟು. ಕೊನೆಯ ದೃಶ್ಯದಲ್ಲಿ ಅಜ್ಜಿ ನಗಬೇಕಿತ್ತು. ಬಾಯಿ ತುಂಬ ನಗಬೇಕು, ಹಲ್ಲಿಲ್ಲದ ಬಾಯಿಯಲ್ಲಿ. ನಗು ಬರಲಿಲ್ಲ.

ಭಾವ ಕ್ಯಾಮೆರಾದ ಪಕ್ಕ ನಿಂತು ತಮ್ಮ ಬತ್ತಳಿಕೆಯನ್ನೆಲ್ಲ ಖಾಲಿ ಮಾಡಿದರು. ದವಡೆಗಳನ್ನು ಮಾತಾಡಿಸಿದರು. ಏಣಿಯಿಂದ ಬಿದ್ದರು. ಕಿವಿ ಕುಣಿಸಿದರು. ಲೈಟಿನವರು ನಕ್ಕು ಗೋಡೆಗೆ ಒರಗಿದ್ದರು. ಅಜ್ಜಿ ಮಾತ್ರ ಕನಿಕರದಿಂದ ನೋಡುತ್ತ, "ಪಾಪ, ಎಷ್ಟು ಕಷ್ಟ ಪಡ್ತೀಯಪ್ಪ" ಎಂದರು. ಹೀಗೆ ನಾಲ್ಕು ದಿನ ಕಳೆಯಿತು. ಸಾವಿರಾರು ಜನರನ್ನು ನಗಿಸಿದವರು ಒಬ್ಬ ಮುದುಕಿಯ ಮುಂದೆ ಬೆವರು ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಜ್ಜಿ ಅವರ ಪಕ್ಕ ಬಂದು ಕೂತರು. "ನಾನೊಂದು ಹೇಳ್ಲಾ? ಒಂದಿನ ಒಬ್ಬ ದೊಡ್ಡ ಮನುಷ್ಯ ಹೊಸ ಹಲ್ಲು ಕಟ್ಟಿಸ್ಕೊಂಡು ಇಳಿದು ಬರ್ತಿದ್ದ. ನಂಗೆ ಹಲ್ಲು ತೋರಿಸ್ದ. ನಾನೂ ಬಾಯಿ ತೆಗೆದು ತೋರಿಸ್ದೆ. ಅದಕ್ಕವನು, 'ಅಯ್ಯೋ ಅಜ್ಜಿ, ನಿಮ್ಮ ಸರದಿ ಇನ್ನೂ ಬಂದಿಲ್ವಾ? ಯಾವಾಗ್ನಿಂದ ಕಾಯ್ತಿದೀರ?' ಅಂದ."

"ನೀವೇನಂದ್ರಿ?"

"ಮೂವತ್ತು ವರ್ಷದಿಂದ ಅಂದೆ. ಪಾಪದವನು, ಮೇಲೆ ಹೋಗಿ ಡಾಕ್ಟ್ರನ್ನ ಬಾಯಿಗೆ ಬಂದಂಗೆ ಬೈದು ಬಂದ."

ಭಾವ ಒಂದು ಗಳಿಗೆ ಅಜ್ಜಿಯನ್ನೇ ನೋಡಿದರು. ಆಮೇಲೆ ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು. ನಗು ಎಂದರೆ ಎಂಥದ್ದು: ತಡೆದಿಟ್ಟ ನೀರು ಒಡ್ಡು ಒಡೆದ ಹಾಗೆ. ಕಾಲು ತಾಗಿ ಬಕೆಟ್ಟು ಉರುಳಿತು, ನೀರು ಮೆಟ್ಟಿಲು ಮೆಟ್ಟಿಲಾಗಿ ಧುಮುಕಿತು, ಅವರು ಹಿಡಿಯಲು ಹೋಗಿ ಮೂರು ಮೆಟ್ಟಿಲು ಕೂತಲ್ಲೇ ಜಾರಿದರು. ಅದನ್ನು ನೋಡಿ ಅಜ್ಜಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು, ನಕ್ಕರು.

ಕ್ಯಾಮೆರಾದವನು ಆಗ ಕಿಟಕಿಯ ಹತ್ತಿರ ಬ್ಯಾಟರಿ ಬದಲಿಸುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಮುಖ ಬಿಳಿಚಿಕೊಂಡಿತು. ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಸೌಂಡಿನವನು ಮೆಲ್ಲಗೆ ಕೈ ಎತ್ತಿದ. "ಸರ್, ನಾನು ನಿಲ್ಲಿಸಿರ್ಲಿಲ್ಲ. ಪೂರ್ತಿ ಇದೆ."

ಭಾವ ಹೆಡ್‌ಫೋನ್ ಇಸಿದುಕೊಂಡು ಕಣ್ಣು ಮುಚ್ಚಿ ಕೇಳಿದರು. ನನಗೂ ಕೊಟ್ಟರು. ಎರಡು ನಗು, ಒಂದರ ಮೇಲೊಂದು, ನಡುವೆ ನೀರು ಇಳಿಯುವ ಸದ್ದು. "ಮುಖ ಬೇಡ. ಮುಖ ಜನ ತಾವೇ ಮಾಡ್ಕೋತಾರೆ" ಎಂದರು. ಮಾರನೆಯ ದಿನ ಖಾಲಿ ಮೆಟ್ಟಿಲ ಮೇಲೆ ಹನ್ನೊಂದು ಬಕೆಟ್ ನೀರು ಸುರಿದು ಚಿತ್ರೀಕರಿಸಿದೆವು. ಅಜ್ಜಿ ಹನ್ನೊಂದು ಸಲವೂ ಬೈಯುತ್ತ ಒರೆಸಿದರು.

ಚಿತ್ರ ತೆರೆಗೆ ಬಂದ ದಿನ ಭಾವ ಪರದೆ ನೋಡಲಿಲ್ಲ. ಪರದೆಯ ಪಕ್ಕದ ಗೋಡೆಗೆ ಒರಗಿ ನಿಂತು, ನೋಡುವವರ ಬಾಯಿಗಳನ್ನು ನೋಡಿದರು. ಕೊನೆಗೆ ಪರದೆಯ ಮೇಲೆ ಬರೀ ಮೆಟ್ಟಿಲು, ಇಳಿಯುವ ನೀರು, ಆ ನಗು. ಕತ್ತಲಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ. ನನ್ನ ಪಕ್ಕದವರು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವನ್ನು ಹೀಗೆ ಕೈಯಿಂದ ಕೈಗೆ ದಾಟಿಸಬಹುದು ಎಂದು ನನಗೆ ತಿಳಿದದ್ದು ಅವತ್ತು.

ಲೈಟು ಹತ್ತಿದ ಮೇಲೆ ಅಜ್ಜಿ ಸುತ್ತ ನೋಡಿ ಭಾವನನ್ನು ಕೇಳಿದರು, "ಇಲ್ಲಿ ಮೆಟ್ಟಿಲು ಯಾರು ಒರೆಸೋದು? ಮೂಲೆ ಬಿಟ್ಟಿದಾರೆ."

ಚಿತ್ರ ಐದು ವಾರ ಓಡಿತು, ಆಮೇಲೆ ಬೇರೆ ಬೇರೆ ಊರುಗಳಿಗೆ ಹೋಯಿತು. ಅಜ್ಜಿ ಕೆಲಸ ಬಿಡಲಿಲ್ಲ. ಚಿತ್ರ ನೋಡಿದವರು ಆ ಕಟ್ಟಡಕ್ಕೆ ಬಂದರೆ ಒರೆಸಿದ್ದನ್ನು ತುಳಿಯಬಾರದೆಂದು ಗೋಡೆಯಂಚಿನಲ್ಲೇ ನಡೆಯುತ್ತಾರೆ. "ಮಧ್ಯೆ ನಡೀರಪ್ಪ, ಅಂಚು ಒರೆಸೋದೇ ಕಷ್ಟ" ಎಂದು ಅವರು ಗದರಿಸುತ್ತಾರೆ.

ಈಗ ಭಾವ ಎರಡನೆಯ ಚಿತ್ರ ಮಾಡುತ್ತಿದ್ದಾರೆ. ಅದರಲ್ಲಿ ಅಂಚೆ ಕಚೇರಿಯ ಗುಮಾಸ್ತೆಯಾಗಿ ಅಕ್ಕನೇ ಇದ್ದಾಳೆ. ಬೇರೆ ಯಾರೂ ಅವರ ಮನಸ್ಸಿಗೆ ಬರಲಿಲ್ಲ. ಹೋದ ವಾರ ಒಂದು ಲಕೋಟೆಗೆ ಮುದ್ರೆ ಒತ್ತುವ ದೃಶ್ಯವನ್ನು ಹತ್ತೊಂಬತ್ತು ಸಲ ಮಾಡಿಸಿದರು. ಇಪ್ಪತ್ತನೆಯದಕ್ಕೆ "ನೋಡೋಣ" ಎಂದಾಗ ಅಕ್ಕ ಮುದ್ರೆಯನ್ನು ಮೇಜಿನ ಮೇಲಿಟ್ಟು ಶಾಂತವಾಗಿ ಹೇಳಿದಳು: "ನೋಡಿದ್ದು ಸಾಕು ರೀ. ಮೂವತ್ತು ವರ್ಷದಿಂದ ನೋಡ್ತಾನೇ ಇದೀರ." ಭಾವ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿ, "ಮೊದಲ್ನೇದನ್ನೇ ಇಟ್ಕೊಳ್ಳೋಣ, ಬರ್ಕೋ" ಎಂದರು. ನಾನು ಬರೆದುಕೊಂಡೆ.